ಬರಿಗಾಲಿನ ಡೆಕ್

ನ್ಯೂಯಾರ್ಕ್ ನಗರದ ಪೂರ್ವ 10ನೇ ಬೀದಿಯಲ್ಲಿ 7ನೇ ನಂಬರಿನ ಒಂದು ಹಳೆಯ ಮನೆಯಿದೆ. ಅದರ ಇಟ್ಟಿಗೆ ಗೋಡೆಯಿಂದ ಬೀದಿಯ ಕಡೆಗೆ ತೇಗದ ಗವಾಕ್ಷವೊಂದು ಚಾಚಿಕೊಂಡಿದೆ. ಮೈತುಂಬ ಬಳ್ಳಿ, ಹೂವು, ಜಾಲಂದ್ರದ ಕೆತ್ತನೆ. 1887ರಲ್ಲಿ ಕಟ್ಟಿದ ಈ ಮನೆಗೆ ಮರಗೆಲಸ ಮಾಡಿದವರು ಅಹಮದಾಬಾದಿನ ಬಡಗಿಗಳು. ಲಾಕ್‌ವುಡ್ ಡಿ ಫಾರೆಸ್ಟ್ ಎಂಬ ಅಮೆರಿಕದ ಚಿತ್ರಕಾರ 1881ರಲ್ಲಿ ಅಹಮದಾಬಾದಿಗೆ ಬಂದು, ಅಲ್ಲಿನ ಮಗನ್‌ಭಾಯಿ ಹಠೀಸಿಂಗ್ ಅವರ ಜೊತೆ ಸೇರಿ ಮರಗೆತ್ತನೆಯ ಕಾರ್ಖಾನೆ ಶುರುಮಾಡಿದ. ಅಲ್ಲಿ ತಯಾರಾದ ತೇಗದ ಕೆತ್ತನೆ ಹಡಗೇರಿ ಅಮೆರಿಕದ ಶ್ರೀಮಂತರ ಮನೆಗಳನ್ನು ಸೇರಿತು. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯ ಓದುಕೋಣೆಗೂ ಹೋಯಿತು. ಹತ್ತನೇ ಬೀದಿಯ ಗವಾಕ್ಷ ಮಾತ್ರ ಮನೆಯ ಹೊರಗೇ ಉಳಿದು ಹಿಮ, ಮಳೆ, ಬಿಸಿಲುಗಳಲ್ಲಿ ಶತಮಾನ ದಾಟಿದೆ.

ಈಗ ಸರಕು ಎದುರು ದಿಕ್ಕಿನಲ್ಲಿ ಹರಿಯುತ್ತಿದೆ. ಅಮೆರಿಕದ ಹಿತ್ತಲಿನಲ್ಲಿ ಹುಟ್ಟಿದ ಮರದ ಡೆಕ್, ಅಂದರೆ ಮನೆಯ ಹಿಂಬಾಗಿಲಿಗೆ ಅಂಟಿಕೊಂಡು ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ ಹಾಸಿದ ಹಲಗೆಯ ಜಗಲಿ, ಮೊಬೈಲ್ ಪರದೆಯ ಚಿತ್ರಗಳ ಮೂಲಕ ಅಹಮದಾಬಾದಿನ ಹೊರವಲಯಕ್ಕೆ ಬಂದಿಳಿದಿದೆ. ಹೆಚ್ಚಾಗಿ ಇಳಿದಿರುವುದು ಬೋಪಾಲ್‌ನಲ್ಲಿ.

ಇದು ಮಧ್ಯಪ್ರದೇಶದ ಭೋಪಾಲ ಅಲ್ಲ. ಅಹಮದಾಬಾದಿನ ಪಶ್ಚಿಮಕ್ಕೆ, ಸರ್ದಾರ್ ಪಟೇಲ್ ರಿಂಗ್ ರಸ್ತೆಯ ಮಗ್ಗುಲಿಗಿರುವ ಬಡಾವಣೆ. ಒಂದು ತಲೆಮಾರಿನ ಹಿಂದೆ ಹೊಲಗಳ ನಡುವಿನ ಹಳ್ಳಿಯಾಗಿತ್ತು. 2001ರ ಜನವರಿ 26ರ ಭೂಕಂಪದಲ್ಲಿ ಅಹಮದಾಬಾದಿನ ಹಲವು ಬಹುಮಹಡಿ ಕಟ್ಟಡಗಳು ಕುಸಿದ ಮೇಲೆ, ನೆಲಕ್ಕೆ ಹತ್ತಿರವಾದ ಮನೆಯೇ ವಾಸಿ ಎನ್ನುವವರು ಹೆಚ್ಚಾದರು. ಬೋಪಾಲ್, ಘುಮಾ, ಶೇಲಾಗಳಲ್ಲಿ ಬಂಗಲೆಗಳ ಸೊಸೈಟಿಗಳು ಸಾಲುಗಟ್ಟಿದವು. ಪುರಸಭೆಯಾಗಿದ್ದ ಬೋಪಾಲ್-ಘುಮಾ 2020ರಲ್ಲಿ ಅಹಮದಾಬಾದ್ ಮಹಾನಗರ ಪಾಲಿಕೆಗೆ ಸೇರಿತು. ಇಸ್ರೋದ ಬಾಹ್ಯಾಕಾಶ ಉಪಯೋಗ ಕೇಂದ್ರದ ಒಂದು ಆವರಣವೂ ಇಲ್ಲಿದೆ. ಹಾಸನದ ಎ.ಎಸ್. ಕಿರಣ್ ಕುಮಾರ್ ಆ ಕೇಂದ್ರದ ನಿರ್ದೇಶಕರಾಗಿದ್ದವರು. ಉಡುಪಿಯ ಯು.ಆರ್. ರಾವ್ ಅವರ ಕಾಲದಿಂದಲೂ ಈ ನಗರಕ್ಕೆ ಕನ್ನಡದ ವಿಜ್ಞಾನಿಗಳ ಓಡಾಟ ಇದ್ದೇ ಇದೆ. ಹಾಗಾಗಿ ಬೋಪಾಲ್‌ನ ಹಿತ್ತಲ ಪ್ರಶ್ನೆ ಕನ್ನಡಿಗರಿಗೆ ತೀರ ಪರಕೀಯವಲ್ಲ. ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ಹೊಸ ಮನೆ ಕಟ್ಟುತ್ತಿರುವವರಿಗಂತೂ ಇದು ಅವರದೇ ಬಿಸಿಲಿನ, ಅವರದೇ ಗೆದ್ದಲಿನ ಕಥೆ.

ಅಮೆರಿಕದವರು ಹಿತ್ತಲಿಗೆ ಹಲಗೆಯನ್ನೇ ಯಾಕೆ ಹಾಸಿದರು? ಅಲ್ಲಿ ಮನೆಯೇ ಮರದ್ದು. ಪೈನ್, ಸೀಡರ್, ರೆಡ್‌ವುಡ್ ಅಗ್ಗ. ಚಳಿ ಸೀಮೆಯಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುವುದರಿಂದ ಕಲ್ಲುಹಾಸು ಮೇಲೇಳುತ್ತದೆ, ಇಳಿಜಾರಿನ ನಿವೇಶನದಲ್ಲಿ ಕಂಬ ನೆಟ್ಟು ಹಲಗೆ ಹಾಸುವುದೇ ಸುಲಭ. ಆದರೂ ಅಗ್ಗದ ಪೈನ್ ಮರ ಹೊರಗೆ ಬಿಟ್ಟರೆ ಬೇಗ ಕೊಳೆಯುತ್ತದೆ. ಅದನ್ನು ಉಳಿಸಿದ ರಸಾಯನ ಹುಟ್ಟಿದ್ದು ಭಾರತದಲ್ಲಿ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ದ್ರಾವಣವೊಂದನ್ನು ಕಂಡುಹಿಡಿದರು. ಅದನ್ನು ಒತ್ತಡ ಹಾಕಿ ಮರದೊಳಕ್ಕೆ ತುಂಬಿದರೆ ಹುಳುವೂ ಇಲ್ಲ, ಬೂಷ್ಟೂ ಇಲ್ಲ. ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಹಿತ್ತಿಲುಗಳನ್ನು ತುಂಬಿದ ಹಸಿರು ಛಾಯೆಯ ಹಲಗೆಗಳು ಇವೇ. ಆರ್ಸೆನಿಕ್ಕಿನ ಭಯದಿಂದ ಅಲ್ಲಿನ ಉದ್ಯಮ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ತುಂಬುವುದನ್ನು ನಿಲ್ಲಿಸಿ ಬೇರೆ ತಾಮ್ರದ ದ್ರಾವಣಗಳಿಗೆ ಹೊರಳಿತು.

ಮೇಲೆ ಹೇಳಿದ ಕಾರಣಗಳಲ್ಲಿ ಒಂದೂ ಬೋಪಾಲ್‌ಗೆ ಅನ್ವಯಿಸುವುದಿಲ್ಲ. ನೆಲ ಅಂಗೈಯಷ್ಟು ಸಪಾಟು. ಹಿಮದ ಮಾತೇ ಇಲ್ಲ. ಮರ ದುಬಾರಿ, ಕಲ್ಲು ಅಗ್ಗ. 2016ರ ಮೇ 20ರಂದು ಅಹಮದಾಬಾದಿನಲ್ಲಿ ಉಷ್ಣಾಂಶ 48 ಡಿಗ್ರಿ ಮುಟ್ಟಿತ್ತು. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ನಗರದಲ್ಲಿ ಎಂದಿಗಿಂತ 1,344 ಸಾವುಗಳು ಹೆಚ್ಚಾಗಿದ್ದವು ಎಂದು ಸಂಶೋಧಕರು ಲೆಕ್ಕ ಹಾಕಿದರು. ಆ ಪೆಟ್ಟಿನಿಂದಲೇ 2013ರಲ್ಲಿ ನಗರ ಬಿಸಿಗಾಳಿ ಎದುರಿಸಲು ತನ್ನದೇ ಯೋಜನೆಯನ್ನು ರೂಪಿಸಿಕೊಂಡಿತು. ಇನ್ನು ದೂಳು. ನಾಲ್ಕು ಶತಮಾನಗಳ ಹಿಂದೆ ಇಲ್ಲಿ ಬೀಡುಬಿಟ್ಟಿದ್ದ ಜಹಾಂಗೀರ್ ಬಾದಶಹ ಈ ಊರನ್ನು ಗರ್ದಾಬಾದ್, ದೂಳೂರು, ಎಂದು ಬೈದುಕೊಂಡಿದ್ದಾನೆ. ಆ ದೂಳು ಇಂದು ಹಲಗೆಗಳ ನಡುವಿನ ಸಂದಿಗೆ ಇಳಿದು, ಮೊದಲ ಮಳೆಗೆ ಕೆಸರಾಗಿ ಅಲ್ಲೇ ಕೂರುತ್ತದೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಾಲಿನದು. ಅಲ್ಲಿ ಡೆಕ್ ಮೇಲೆ ಬೂಟು ಓಡಾಡುತ್ತದೆ, ಇಲ್ಲಿ ಬರಿಗಾಲು. ಮಕ್ಕಳು ಅಂಬೆಗಾಲಿಡುತ್ತಾರೆ, ಅಜ್ಜಿ ಚಕ್ಕಳಮಕ್ಕಳ ಹಾಕಿ ಬಟಾಣಿ ಸುಲಿಯುತ್ತಾಳೆ, ಏಪ್ರಿಲ್-ಮೇ ಬಂತೆಂದರೆ ತುರಿದ ಮಾವಿಗೆ ಸಕ್ಕರೆ ಬೆರೆಸಿದ ಛುಂದೊ ಭರಣಿಗಳು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಿಸಿಲಿಗೆ ಕೂರುತ್ತವೆ, ಪಕ್ಕದಲ್ಲೇ ಹಪ್ಪಳ. ಹಲಗೆಯ ಅಂಗಡಿಗೆ ಹೋದವರು ಬಣ್ಣ ಕೇಳುತ್ತಾರೆ, ವಾರಂಟಿ ಎಷ್ಟು ವರ್ಷ ಎಂದು ಕೇಳುತ್ತಾರೆ. ಮೇ ತಿಂಗಳ ನಾಲ್ಕು ಗಂಟೆಗೆ ಇದರ ಮೇಲೆ ಬರಿಗಾಲಿಡಬಹುದೇ ಎಂದು ಕೇಳುವವರು ಕಡಿಮೆ. ಮಾದರಿಯ ತುಂಡನ್ನು ಮನೆಗೆ ತಂದು, ಒಂದು ಇಡೀ ದಿನ ಬಿಸಿಲಲ್ಲಿಟ್ಟು, ಅಂಗಾಲು ಒತ್ತಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಆದರೆ ಹಲಗೆಗಿಂತ ಮೊದಲು ನೋಡಬೇಕಾದ್ದು ದಿಕ್ಕು. ಅಹಮದಾಬಾದ್ ಸುಮಾರು 23 ಡಿಗ್ರಿ ಅಕ್ಷಾಂಶದಲ್ಲಿ, ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ತಾಗಿದಂತೆ ಇದೆ. ಜೂನ್ 21ರ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ನಿಂತಿರುತ್ತಾನೆ, ಡಿಸೆಂಬರ್ ಮಧ್ಯಾಹ್ನ ದಕ್ಷಿಣಕ್ಕೆ ವಾಲಿ 43-44 ಡಿಗ್ರಿ ಎತ್ತರದಲ್ಲಿರುತ್ತಾನೆ. ಇದರಿಂದ ದಕ್ಷಿಣದ ಹಿತ್ತಿಲು ಜಾಣ ಹಿತ್ತಿಲು. ಅದಕ್ಕೊಂದು ಸಾಧಾರಣ ಸೂರು ಚಾಚಿದರೆ ಬೇಸಿಗೆಯಲ್ಲಿ ನೆರಳು, ಚಳಿಗಾಲದಲ್ಲಿ ಎಳೆಬಿಸಿಲು ಎರಡೂ ಸಿಗುತ್ತವೆ. ಪಶ್ಚಿಮದ ಹಿತ್ತಿಲೇ ಕಷ್ಟದ್ದು. ಊರಿನ ಮುಖ್ಯ ಗಾಳಿ ಬೀಸುವುದು ನೈಋತ್ಯದಿಂದ, ಸುಡುವ ಸಂಜೆಬಿಸಿಲು ಬೀಳುವುದೂ ಪಶ್ಚಿಮದ ಕಡೆಯಿಂದಲೇ. ಗಾಳಿ ಬೇಕು, ಬಿಸಿಲು ಬೇಡ. ತಲೆಯ ಮೇಲೆ ಪಟ್ಟಿಗಳ ಪರ್ಗೋಲಾ ಕಟ್ಟಿದರೆ ಈ ಜಗಳ ತೀರುವುದಿಲ್ಲ, ಏಕೆಂದರೆ ಸಂಜೆಯ ಸೂರ್ಯ ಪಟ್ಟಿಗಳ ಕೆಳಗಿನಿಂದ ನೇರ ಮುಖಕ್ಕೆ ಹೊಡೆಯುತ್ತಾನೆ. ಅಲ್ಲಿಗೆ ಬೇಕಾದ್ದು ನಿಂತ ತಡೆ: ಜಾಲಿ ಗೋಡೆ, ಲಂಬ ಪಟ್ಟಿ, ಬಳ್ಳಿ ಹಬ್ಬಿಸಿದ ತಂತಿ, ಇಲ್ಲವೇ ಜಾಗವಿದ್ದರೆ ಒಂದು ಬೇವಿನ ಮರ.

ಈ ಪಾಠ ಅಹಮದಾಬಾದಿಗೆ ಹೊಸದಲ್ಲ. ವಾಸ್ತುಶಿಲ್ಪಿ ಲ ಕಾರ್ಬೂಸಿಯೇ 1950ರ ದಶಕದಲ್ಲಿ ಮನೋರಮಾ ಸಾರಾಭಾಯಿ ಅವರಿಗೆ ಕಟ್ಟಿಕೊಟ್ಟ ಮನೆ ಇದೇ ಗಾಳಿಯ ದಿಕ್ಕನ್ನು ನೋಡಿ ನಿಂತಿದೆ. ಸಮಾನಾಂತರ ಗೋಡೆಗಳ ನಡುವೆ ಕಮಾನು ಚಾವಣಿ, ಚಾವಣಿಯ ಮೇಲೆ ಮಣ್ಣು ಮತ್ತು ಹುಲ್ಲು, ಮುಂದೆ ಆಳವಾದ ಜಗಲಿ, ನೆಲಕ್ಕೆ ಕಪ್ಪು ಕಲ್ಲು. ನೆಲ ಕಪ್ಪಾದರೂ ಕಾಯದಿರುವುದು ಜಗಲಿಯ ಆಳದಿಂದ. ನೆರಳಿದ್ದರೆ ಯಾವ ಕಲ್ಲಾದರೂ ಆದೀತು, ನೆರಳಿಲ್ಲದಿದ್ದರೆ ಎಷ್ಟು ದುಬಾರಿಯ ಹಲಗೆಯೂ ಸಂಜೆ ಏಳರ ತನಕ ಉಪಯೋಗಕ್ಕಿಲ್ಲ. ಕೈಯಲ್ಲಿರುವ ಹಣದ ಮೊದಲ ಪಾಲು ನೆರಳಿಗೆ, ಎರಡನೆಯದು ನೀರು ಹೋಗುವ ದಾರಿಗೆ, ಉಳಿದದ್ದು ಹಲಗೆಗೆ. ಬೋಪಾಲ್‌ನಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ತಿರುಗುಮುರುಗು.

ನೆರಳಿಗೆ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ ಹಾಕಿಸುವುದು ಈಗಿನ ಚಾಳಿ. ಬೆಳಕಿನ ಜೊತೆ ಬಿಸಿಯನ್ನೂ ಒಳಗೆ ಬಿಟ್ಟುಕೊಂಡು ಹಿಡಿದಿಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಹೆಂಚು ವಾಸಿ. ಅದರ ಸಂದುಗಳಿಂದ ಬಿಸಿಗಾಳಿ ಮೇಲಕ್ಕೆ ಹೊರಟುಹೋಗುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ತಯಾರಿಸಲು ತೊಡಗಿದ ಹೆಂಚು ಗುಜರಾತಿಗೂ ಹೋಗಿ ‘ಮ್ಯಾಂಗ್ಲೋರಿ ನಳಿಯಾ’ ಎಂದೇ ಹೆಸರಾಯಿತು. ಇಂದು ಟೈಲ್ಸ್ ರಾಜಧಾನಿಯಾಗಿರುವ ಮೋರ್ಬಿಯ ಭಟ್ಟಿಗಳೂ ಹಿಂದೆ ಅದೇ ಮಾದರಿಯ ಹೆಂಚು ಸುಟ್ಟಿವೆ. ಒಂದು ಎಚ್ಚರಿಕೆ: ಮನೆಯ ಸುತ್ತ ಬಿಟ್ಟ ಮಾರ್ಜಿನ್ ಜಾಗದಲ್ಲಿ ಕಾಯಂ ಸೂರು ಎಬ್ಬಿಸಿದರೆ ಕಟ್ಟಡ ನಿಯಮದ ಪ್ರಶ್ನೆ ಏಳುತ್ತದೆ. ಅನಧಿಕೃತ ಕಟ್ಟಡಗಳನ್ನು ಸಕ್ರಮಗೊಳಿಸಲು ಗುಜರಾತ್ ಸರ್ಕಾರ 2022ರಲ್ಲಿ ಮತ್ತೆ ತಂದ ‘ಇಂಪ್ಯಾಕ್ಟ್ ಫೀ’ ಎಂಬ ಮಾತು ಬೋಪಾಲ್‌ನ ಮನೆಮನೆಗೂ ಗೊತ್ತು. ಸೊಸೈಟಿಯ ಒಪ್ಪಿಗೆಪತ್ರವನ್ನೂ ಪಾಲಿಕೆಯ ನಿಯಮವನ್ನೂ ಮೊದಲೇ ನೋಡಿಕೊಳ್ಳುವುದು ಕ್ಷೇಮ.

ಇನ್ನು ಮರ. ಇಲ್ಲಿ ತೇಗಕ್ಕೆ ಮೊದಲ ಮಣೆ. ಅದರ ಕೆಚ್ಚಿನಲ್ಲಿರುವ ಎಣ್ಣೆ ಮತ್ತು ರಾಸಾಯನಿಕಗಳು ಗೆದ್ದಲನ್ನೂ ಶಿಲೀಂಧ್ರವನ್ನೂ ದೂರವಿಡುತ್ತವೆ. ಅಹಮದಾಬಾದಿನ ಹಳೆಯ ಪೋಳ್‌ಗಳ, ಅಂದರೆ ಹಳೆ ಊರಿನ ಓಣಿಕೇರಿಗಳ, ಮನೆಗಳಲ್ಲಿ ತೇಗದ ಕಂಬ ತೊಲೆಗಳು ಇಂದಿಗೂ ನಿಂತಿರುವುದನ್ನು ತೋರಿಸಿ ವ್ಯಾಪಾರಿ ಮಾತು ಮುಗಿಸುತ್ತಾನೆ. ಆದರೆ ಆ ಕಂಬವಾಗಲಿ ನ್ಯೂಯಾರ್ಕಿನ ಗವಾಕ್ಷವಾಗಲಿ ಲಂಬವಾಗಿ ನಿಂತಿವೆ, ನೀರು ಜಾರಿ ಹೋಗುತ್ತದೆ. ಡೆಕ್‌ನ ಹಲಗೆ ಮಲಗಿರುತ್ತದೆ. ಮಳೆ ಅದರ ಮೇಲೆ ನಿಲ್ಲುತ್ತದೆ, ಬಿಸಿಲು ನೇರವಾಗಿ ಬೀಳುತ್ತದೆ, ದೂಳು ಉಜ್ಜುತ್ತದೆ. ಅದೇ ತೇಗ ಮಲಗಿದಾಗ ಆಯುಷ್ಯ ಬೇರೆ.

ಎರಡನೆಯದು, ಇಂದಿನ ತೇಗ ಹಿಂದಿನ ತೇಗವಲ್ಲ. ಮ್ಯಾನ್ಮಾರ್ 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ದೇಶಕ್ಕೆ ಬರುವ ಮರದ ದೊಡ್ಡ ಪಾಲು ಇಳಿಯುವುದು ಗುಜರಾತಿನದೇ ಕಾಂಡ್ಲಾ ಬಂದರಿನಲ್ಲಿ. ಪಕ್ಕದ ಗಾಂಧಿಧಾಮದ ಸಾಮಿಲ್‌ಗಳಲ್ಲಿ ಈಗ ಘಾನಾ, ಎಕ್ವಡಾರ್, ಕೋಸ್ಟರಿಕಾಗಳ ನೆಡುತೋಪಿನ ತೇಗ ಸೀಳಲ್ಪಡುತ್ತದೆ. ನೆಡುತೋಪಿನ ಎಳೆಯ ಮರದಲ್ಲಿ ಕೆಚ್ಚು ಕಡಿಮೆ, ಬಿಳಿಯ ಹೊರತಿರುಳು ಜಾಸ್ತಿ. ತೇಗದ ತಾಳಿಕೆಯೆಲ್ಲ ಕೆಚ್ಚಿನಲ್ಲಿದೆ, ಬಿಳಿಭಾಗವನ್ನು ಗೆದ್ದಲು ಎಲ್ಲ ಮರದಂತೆಯೇ ತಿನ್ನುತ್ತದೆ. ಮಿಲ್ಲಿನಲ್ಲಿ ಹಲಗೆಯ ಅಂಚಿನ ಬಿಳಿಪಟ್ಟಿ ಎಷ್ಟಗಲ ಇದೆ ಎಂದು ನೋಡದೆ ಒಪ್ಪಬಾರದು. ಪಾಲಿಶ್ ಬಿದ್ದ ಮೇಲೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಸ್ಕ್ರೂ ವಿಷಯದಲ್ಲಿ ಜಿಪುಣತನವೂ ಬೇಡ. ಸಾದಾ ಕಬ್ಬಿಣ ತೇಗದ ಟ್ಯಾನಿನ್ ಜೊತೆ ಸೇರಿದರೆ ಪ್ರತಿ ಮೊಳೆಯ ಸುತ್ತ ಕಪ್ಪು ಉಂಗುರ ಮೂಡುತ್ತದೆ. ಸ್ಟೇನ್‌ಲೆಸ್ ಸ್ಟೀಲೇ ಬೇಕು. ಉಪ್ಪುಗಾಳಿ ತಾಗುವ ಸೂರತ್‌ನ ಕಡಲ ಕಡೆಯಲ್ಲಿ 304ರ ಬದಲು 316 ದರ್ಜೆಯದು.

ಬ್ರೆಜಿಲ್‌ನ ಈಪೆ ಮರ ತೇಗಕ್ಕಿಂತ ಗಟ್ಟಿ, ಬೆಲೆಯೂ ಹಾಗೇ. 2024ರ ನವೆಂಬರ್‌ನಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅಳಿವಿನ ಅಪಾಯದ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪರವಾನಗಿ ಬೇಕು. ಯಾರಾದರೂ ‘ಸ್ಟಾಕ್ ಇದೆ’ ಎಂದರೆ ಕಾಗದ ಕೇಳಬೇಕು. ಫಿನ್ಲೆಂಡಿನ ಕಡೆಯ ಥರ್ಮೋವುಡ್ ಕೂಡ ಅಂಗಡಿಗಳಲ್ಲಿದೆ. ಪೈನ್ ಅಥವಾ ಆ್ಯಶ್ ಮರವನ್ನು ಹಬೆಯಲ್ಲಿ ಸುಮಾರು 212 ಡಿಗ್ರಿಯ ತನಕ ಬೇಯಿಸಿ ಅದರ ಸಕ್ಕರೆ ಅಂಶ ತೆಗೆದಿರುತ್ತಾರೆ. ಅದು ಬೇಗ ಕೊಳೆಯುವುದಿಲ್ಲ, ಹೆಚ್ಚು ಸೊಟ್ಟಗಾಗುವುದಿಲ್ಲ. ಆದರೆ ಗೆದ್ದಲನ್ನು ತಡೆಯುವುದಿಲ್ಲ. ಫಿನ್ಲೆಂಡಿನಲ್ಲಿ ಗೆದ್ದಲಿಲ್ಲ, ಅಲ್ಲಿನ ಕೈಪಿಡಿಗೆ ಅದು ಚಿಂತೆಯ ವಿಷಯವಲ್ಲ. ಬೋಪಾಲ್‌ನಲ್ಲಿ ‘ಉಧಈ’, ಅಂದರೆ ಗೆದ್ದಲು, ಎಂಬ ಹೆಸರು ಕೇಳಿದರೆ ಮನೆಯೊಡೆಯರ ಮುಖ ಬಾಡುತ್ತದೆ.

ಗುಜರಾತಿನ ಬಯಲಲ್ಲೇ ಬೆಳೆದ ಒಂದು ಮರವನ್ನು ಯಾರೂ ಕೇಳುವುದಿಲ್ಲ. ಅದು ‘ಗಾಂಡೊ ಬಾವಳ್’, ನಮ್ಮ ಬಳ್ಳಾರಿ ಜಾಲಿ. ಅದರ ಬಳಗದ ಮೆಸ್ಕೀಟ್ ಮರ ಹಿಗ್ಗುಕುಗ್ಗು ಬಹಳ ಕಡಿಮೆ ಎಂದು ಅಮೆರಿಕದ ದಕ್ಷಿಣದಲ್ಲಿ ನೆಲಹಾಸಿಗೆ ಬೆಲೆಬಾಳುತ್ತದೆ. ಇಲ್ಲಿ ಅದು ಇದ್ದಿಲಾಗಿ ಹೋಗುತ್ತದೆ, ಏಕೆಂದರೆ ಸೊಟ್ಟ ಕಾಂಡದಿಂದ ಉದ್ದನೆಯ ಹಲಗೆ ಹೊರಡುವುದಿಲ್ಲ. ಗೇಣುದ್ದದ ತುಂಡುಗಳ ನೆಲ ಮಾಡುವ ಹುಚ್ಚು ಯಾವ ವಾಸ್ತುಶಿಲ್ಪಿಗಾದರೂ ಹಿಡಿದರೆ ಕಚ್ಛದ ರೈತರು ಖುಷಿಪಟ್ಟಾರು.

ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಸದ್ದು ಮಾಡುತ್ತಿರುವುದು ಡಬ್ಲ್ಯುಪಿಸಿ. ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಅಚ್ಚಿನಿಂದ ಹೊರತಳ್ಳಿದ ಹಲಗೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಜನಪ್ರಿಯವಾಗಿ, ಈಗ ಭಾರತದಲ್ಲೇ ತಯಾರಾಗುತ್ತಿದೆ. ಗೆದ್ದಲಿಲ್ಲ, ಪಾಲಿಶ್ ಬೇಡ, ಸಿಬಿರು ಚುಚ್ಚುವುದಿಲ್ಲ. ಈ ಮೂರೂ ನಿಜ. ಮಾರುವವರು ತಾವಾಗಿ ಹೇಳದ ಸಂಗತಿಗಳೂ ಇವೆ. ಅಡುಗೆಮನೆ ಬಾಗಿಲಿಗೆ ಬಳಸುವ ಹಗುರ ಪಿವಿಸಿ ನೊರೆಹಲಗೆಗೂ ಡೆಕ್‌ಗೆಂದೇ ಮಾಡಿದ ತೂಕದ ಹಲಗೆಗೂ ಒಂದೇ ಹೆಸರು. ಮೊದಲನೆಯದನ್ನು ಹೊರಗೆ ಹಾಸಿದರೆ ಒಂದೇ ಬೇಸಿಗೆಗೆ ಬಾಗುತ್ತದೆ. ಒಳಗೆ ಪೊಳ್ಳಿರುವ ಹಲಗೆಯ ತುದಿ ಮುಚ್ಚದಿದ್ದರೆ ನೀರೂ ಇರುವೆಯೂ ಮನೆಮಾಡುತ್ತವೆ. ಮೇಲೊಂದು ರಕ್ಷಾಪದರವಿಲ್ಲದ ಹಲಗೆ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ, ಅರಿಸಿನ ಮತ್ತು ಉಪ್ಪಿನಕಾಯಿ ಎಣ್ಣೆಯ ಕಲೆಯನ್ನು ಹೀರಿ ಇಟ್ಟುಕೊಳ್ಳುತ್ತದೆ.

ಅದಕ್ಕಿಂತ ಮುಖ್ಯ ಬಿಸಿ. ಪ್ಲಾಸ್ಟಿಕ್ ಬೆರೆತ ಈ ಹಲಗೆ, ಅದರಲ್ಲೂ ಚಾಕೊಲೇಟ್ ಮತ್ತು ಬೂದು-ಕಪ್ಪು ಬಣ್ಣದ್ದು, ನೇರ ಬಿಸಿಲಿನಲ್ಲಿ ಮರಕ್ಕಿಂತ ಹೆಚ್ಚು ಸುಡುತ್ತದೆ. ಅಂಗಡಿಯ ಎಸಿಯಲ್ಲಿ ಇದು ತಿಳಿಯುವುದಿಲ್ಲ. ಉದ್ದಕ್ಕೂ ಹಿಗ್ಗುತ್ತದೆ. ಜನವರಿಯ ಬೆಳಗಿಗೂ ಮೇ ತಿಂಗಳ ಮಧ್ಯಾಹ್ನಕ್ಕೂ ಹಲಗೆಯ ಮೈಬಿಸಿಯಲ್ಲಿ 50 ಡಿಗ್ರಿ ವ್ಯತ್ಯಾಸವಾದರೆ 3 ಮೀಟರ್ ಹಲಗೆ ಐದಾರು ಮಿಲಿಮೀಟರ್ ಬೆಳೆಯುತ್ತದೆ. ಚಳಿಗಾಲದಲ್ಲಿ ತುದಿಗೆ ತುದಿ ಒತ್ತಿ ಚೆಂದವಾಗಿ ಕೂರಿಸಿದ ಮಿಸ್ತ್ರಿಯ ಕೆಲಸ ಹೋಳಿ ಕಳೆಯುತ್ತಲೇ ಗುಡಾರದಂತೆ ಎದ್ದು ನಿಲ್ಲುವುದು ಇದೇ ಕಾರಣಕ್ಕೆ. ಕೆಳಗಿನ ಚೌಕಟ್ಟಿನ ಅಡ್ಡಪಟ್ಟಿಗಳನ್ನು 30-35 ಸೆಂಟಿಮೀಟರಿಗೊಂದರಂತೆ ಕೊಡಬೇಕು. ಗುತ್ತಿಗೆದಾರ ಉಳಿತಾಯ ಮಾಡುವುದು ಇಲ್ಲೇ, ಹಲಗೆ ನಡುವೆ ಜೋತುಬೀಳುವುದೂ ಇಲ್ಲೇ.

ಹಾಗಾದರೆ ಕಲ್ಲು? ಅಹಮದಾಬಾದಿನ ಶಾಲೆ, ಬ್ಯಾಂಕು, ಆಸ್ಪತ್ರೆ, ಮೆಟ್ಟಿಲು ಎಲ್ಲೆಲ್ಲೂ ಕೋಟಾ ಕಲ್ಲು. ರಾಜಸ್ಥಾನದ ಕೋಟಾ, ಝಾಲಾವಾಡ ಸೀಮೆಯ ಸುಣ್ಣಕಲ್ಲು ಇದು, ಹಸಿರು ಬೆರೆತ ಬೂದು ಇಲ್ಲವೇ ಕಂದು. ನಮ್ಮ ಶಹಾಬಾದ್ ಕಲ್ಲಿನ ನೆಂಟ ಎನ್ನಬಹುದು. ನೀರು ಹೀರುವುದು ಕಡಿಮೆ, ಸವೆಯುವುದು ನಿಧಾನ, ಒಡೆದರೆ ಒಂದೇ ಚಪ್ಪಡಿ ಬದಲಿಸಿದರಾಯಿತು. ಹೊರಗೆ ಹಾಸುವಾಗ ಹೊಳಪು ಕೊಡಿಸಬಾರದು, ಒದ್ದೆಯಾದರೆ ಕಾಲು ಜಾರುತ್ತದೆ. ಒರಟು ಮೈ ಅಥವಾ ಲೆದರ್ ಫಿನಿಶ್ ಒಳ್ಳೆಯದು. ಸುಣ್ಣಕಲ್ಲಾದ್ದರಿಂದ ಆ್ಯಸಿಡ್ ಹಾಕಿ ತೊಳೆದರೆ ಮೈ ಕಿತ್ತುಬರುತ್ತದೆ, ನಿಂಬೆರಸ ಬಿದ್ದರೂ ಗುರುತು ಉಳಿಯುತ್ತದೆ. ಕಡಪ ಕಲ್ಲು ಬಿಸಿಲಲ್ಲಿ ಕೆಂಡ, ಮೇಲಾಗಿ ಇಲ್ಲಿನ ಬೋರ್‌ವೆಲ್‌ನ ಗಡಸು ನೀರು ಅದರ ಮೇಲೆ ಬಿಳಿ ನಕ್ಷೆ ಬರೆಯುತ್ತದೆ.

ಬಿಸಿಲಿಗೆ ಈ ಊರು ಕಂಡುಕೊಂಡ ಅಚ್ಚುಕಟ್ಟಾದ ಉತ್ತರ ಚೀನಾ ಮೊಸಾಯಿಕ್. ಒಡೆದ ಬಿಳಿ ಟೈಲ್ ಚೂರುಗಳನ್ನು ಒತ್ತೊತ್ತಾಗಿ ಗಾರೆಯಲ್ಲಿ ಕೂರಿಸಿ ತಾರಸಿಗೆ ಹಾಸುವುದು. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ 1980ರಲ್ಲಿ ಕಟ್ಟಿದ ತಮ್ಮ ಕಚೇರಿ ‘ಸಂಗಾತ್’ನ ಕಮಾನು ಚಾವಣಿಗಳಿಗೆ ಇದನ್ನೇ ಹೊದಿಸಿದರು. ಎಂ.ಎಫ್. ಹುಸೇನ್‌ಗಾಗಿ ಮಾಡಿದ ‘ಅಮದಾವಾದ್ ನೀ ಗುಫಾ’ದ ಗುಮ್ಮಟಗಳ ಮೇಲೂ ಅದೇ. 2018ರಲ್ಲಿ ದೋಶಿಯವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ಜಗತ್ತು ನೋಡಿದ ಚಿತ್ರಗಳಲ್ಲಿ ಹೊಳೆದದ್ದು ಈ ಒಡಕು ಚೂರುಗಳೇ. ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಒತ್ತೊತ್ತಾದ ಸಂದುಗಳು ಕಾಲಿಗೆ ಹಿಡಿತ ಕೊಡುತ್ತವೆ, ಕಚ್ಚಾಸರಕು ಅಂಗಡಿಯ ತಿಪ್ಪೆಯಲ್ಲಿ ಸಿಗುತ್ತದೆ. ತೊಡಕು ಎರಡು: ನಡುಮಧ್ಯಾಹ್ನ ಕಣ್ಣು ಕುಕ್ಕುತ್ತದೆ, ಚೂರಿನ ಅಂಚನ್ನು ನಯವಾಗಿ ಕೂರಿಸಬಲ್ಲ ಕೈ ಅಪರೂಪವಾಗುತ್ತಿದೆ. ಮೋರ್ಬಿಯಲ್ಲಿ ಈಗ 20 ಮಿಲಿಮೀಟರ್ ದಪ್ಪದ, ಹೊರಾಂಗಣಕ್ಕೆಂದೇ ಮಾಡಿದ ವಿಟ್ರಿಫೈಡ್ ಹಾಸುಗಳು ಸಿಗುತ್ತವೆ. ಗಾರೆಯಿಲ್ಲದೆ ಪ್ಲಾಸ್ಟಿಕ್ ಕಾಲುಗಳ ಮೇಲೆ ಕೂರಿಸಬಹುದು, ಬೇಕಾದಾಗ ಎತ್ತಬಹುದು. ತಿಳಿಬಣ್ಣದ ಒರಟು ಮೈಯದನ್ನು ಆರಿಸಿದರೆ ಸಾಕು. ಮರದ ಗೆರೆ ಅಚ್ಚೊತ್ತಿದ ಟೈಲ್ ಬೇರೆ ಇದೆ, ಅದು ರುಚಿಯ ವಿಷಯ. ಮರವಲ್ಲದ್ದು ಮರವೆಂದು ನಟಿಸಬೇಕಾದ ಅಗತ್ಯ ಈ ಊರಿನಲ್ಲಂತೂ ಕಾಣುವುದಿಲ್ಲ.

ಬೋಪಾಲ್‌ಗೆ ಹೊಂದುವುದು ಬೆರಕೆ ಡೆಕ್. ಬಿಸಿಲು ಬೀಳುವ ಕಡೆ ತಿಳಿಬಣ್ಣದ ಕಲ್ಲು ಅಥವಾ ಮೊಸಾಯಿಕ್, ಸೂರಿನಡಿಯ ಕೂರುವ ಜಾಗಕ್ಕೆ ಮಾತ್ರ ತೇಗ. ಮರ ಕಡಿಮೆಯಾದಷ್ಟೂ ಒಳ್ಳೆಯ ಕೆಚ್ಚನ್ನು ಕೊಳ್ಳಲು ಕೈಯಲ್ಲಿ ಹಣ ಉಳಿಯುತ್ತದೆ.

ಮೇಲಿನದು ನಿರ್ಧಾರವಾದರೂ ಕೆಳಗೆ ಏನಿದೆ ಎಂದು ನೋಡದೆ ಅಳತೆ ಕೊಡುವಂತಿಲ್ಲ. ಬೋಪಾಲ್‌ನ ‘ಟೆನಮೆಂಟ್’ ಮತ್ತು ರೋಹೌಸ್‌ಗಳ ಹಿತ್ತಿಲು ಖಾಲಿ ಜಾಗವಲ್ಲ. ಅಲ್ಲಿ ‘ಚೋಕಡಿ’ ಇರುತ್ತದೆ, ಪಾತ್ರೆ-ಬಟ್ಟೆ ತೊಳೆಯುವ ತಗ್ಗುಕಟ್ಟೆ, ದಿನವಿಡೀ ಒದ್ದೆ. ನೆಲದಡಿ ನೀರಿನ ಟ್ಯಾಂಕು, ಚರಂಡಿ ಚೇಂಬರು, ಹಳೆಯ ಸೊಸೈಟಿಯಾದರೆ ‘ಖಾಳಕೂವೊ’ ಎಂಬ ಇಂಗುಗುಂಡಿ. ಇವುಗಳ ಮುಚ್ಚಳದ ಮೇಲೆ ಡೆಕ್ ಕೂರಿಸಿ, ಚರಂಡಿ ಕಟ್ಟಿದ ದಿನ ಗರಗಸ ಹುಡುಕುವ ಮನೆಗಳಿವೆ. ಚೋಕಡಿಗೂ ಮರಕ್ಕೂ ನಡುವೆ ಕಲ್ಲಿನದೊಂದು ಪಟ್ಟಿ ಬಿಟ್ಟು, ನೆಲಕ್ಕೆ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಕೊಟ್ಟು, ಕೆಳಗೆ ಕಾಂಕ್ರೀಟ್ ಹಾಕಿ, ಅದಕ್ಕೂ ಮೊದಲು ಮಣ್ಣಿಗೆ ಗೆದ್ದಲು ಔಷಧಿ ಹಾಯಿಸಬೇಕು. ಭಾರತೀಯ ಮಾನಕ 6313 ಈ ಕೆಲಸಕ್ಕೇ ಇರುವುದು. ಚೌಕಟ್ಟಿಗೆ ಕಬ್ಬಿಣದ ಚೌಕ ಪೈಪು ಬಳಸುವುದು ಇಲ್ಲಿನ ರೂಢಿ. ರೆಡ್ ಆಕ್ಸೈಡ್ ಬಳಿದರೆ ಸಾಲದು, ಸತುವಿನ ಲೇಪ ಇದ್ದರೆ ಬಾಳುತ್ತದೆ.

ವಡೋದರ, ಸೂರತ್‌ಗಳಲ್ಲಿ ನೆಲವೇ ಬೇರೆ. ಬೋಪಾಲ್‌ನ ಮರಳುಮಿಶ್ರಿತ ಮೆಕ್ಕಲು ಮಣ್ಣು ಅಲುಗಾಡದು. ದಕ್ಷಿಣಕ್ಕೆ ಹೋದಂತೆ ಎರೆ ಮಣ್ಣು ಬರುತ್ತದೆ. ಧಾರವಾಡ, ವಿಜಯಪುರದವರಿಗೆ ಅದರ ಗುಣ ಹೇಳಬೇಕಿಲ್ಲ: ಮಳೆಗೆ ಉಬ್ಬಿ, ಬೇಸಿಗೆಗೆ ಬಿರುಕುಬಿಡುತ್ತದೆ. ಅಲ್ಲಿ ಮೇಲುಮೇಲೆ ಕಂಬ ನೆಟ್ಟರೆ ಡೆಕ್ ವರ್ಷಕ್ಕೊಮ್ಮೆ ಸೊಟ್ಟಗಾಗುತ್ತದೆ. ತುದಿಯಲ್ಲಿ ಬುಡ ಅಗಲಿಸಿದ ಅಂಡರ್‌ರೀಮ್ಡ್ ಪೈಲ್ ಇಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ್ದು. ವಡೋದರದಲ್ಲಿ ಇನ್ನೊಂದು ಸೋಜಿಗದ ಚಿಂತೆಯಿದೆ. ವಿಶ್ವಾಮಿತ್ರಿ ನದಿ ಉಕ್ಕಿದಾಗ ಮೊಸಳೆಗಳು ಬಡಾವಣೆಗಳಿಗೆ ಬರುತ್ತವೆ. 2019ರ ಮತ್ತು 2024ರ ಆಗಸ್ಟ್ ನೆರೆಗಳಲ್ಲಿ ಮನೆಗಳ ಆಸುಪಾಸಿನಿಂದ ಅವನ್ನು ಹಿಡಿದು ಸಾಗಿಸಬೇಕಾಯಿತು. ನೆಲದಿಂದ ಎರಡಡಿ ಎತ್ತರದ, ಕತ್ತಲೆಯ, ತಂಪಾದ ಡೆಕ್‌ನ ಅಡಿಭಾಗವನ್ನು ಅಲ್ಲಿ ತೆರೆದಿಡುವುದು ಬುದ್ಧಿವಂತಿಕೆಯಲ್ಲ. ಬೋಪಾಲ್‌ನಲ್ಲಿ ಡೆಕ್‌ನ ಅಡಿ ಸೇರುವುದು ಇಲಿ, ಇಲಿಯ ಹಿಂದೆ ಹಾವು. ಗಾಳಿಯಾಡುವ ಜಾಲರಿ ಹಾಕಿದರೆ ಎರಡೂ ಕಡೆ ಸರಿ.

ವಿನ್ಯಾಸದ ಮಾತಿಗೆ ಬಂದರೆ, ಹಳೆಯ ಪೋಳ್ ಮನೆಗಳ ‘ಓಟಲೊ’ಗಿಂತ ಒಳ್ಳೆಯ ಮಾದರಿ ಬೇಕಿಲ್ಲ. ಬಾಗಿಲ ಮುಂದಿನ ಎತ್ತರದ ಕಟ್ಟೆ, ನಮ್ಮ ಊರುಗಳಲ್ಲಿ ಇದ್ದಂಥದೇ. ಡೆಕ್‌ನ ಎತ್ತರವನ್ನು 40ರಿಂದ 45 ಸೆಂಟಿಮೀಟರಿಗೆ ನಿಲ್ಲಿಸಿದರೆ ಅದರ ಅಂಚೇ ಕೂರುವ ಬೆಂಚಾಗುತ್ತದೆ, ಕಂಬಿಯೂ ಬೇಡ, ಕುರ್ಚಿಯೂ ಬೇಡ. ಮೆಟ್ಟಿಲನ್ನು ಒಂದೇ ಮೂಲೆಗೆ ತಳ್ಳದೆ ಉದ್ದಕ್ಕೂ ಎಳೆದರೆ ಮದುವೆಯ ಮೆಹಂದಿಗೆ ಊರೇ ಕೂರಬಹುದು.

ಗುಜರಾತಿ ಮನೆಗೆ ‘ಹಿಂಚಕೊ’ ಇಲ್ಲದೆ ಆಗದು. ಊಟವಾದ ಮೇಲೆ ತೂಗುಮಂಚದಲ್ಲಿ ಅರ್ಧ ಗಂಟೆ ಕೂರುವುದು ಅಲ್ಲಿನ ದಿನಚರಿ. ಡೆಕ್ ಅಳತೆ ಶುರುವಾಗಬೇಕಾದ್ದು ಅದರಿಂದ, ಮುಂದೆ ಹಿಂದೆ ಬೀಸುವ ಜಾಗ ಬಿಟ್ಟು. ಕೊಕ್ಕೆ ಕಾಂಕ್ರೀಟ್ ತೊಲೆಯಲ್ಲೇ ಇರಬೇಕು. ಪರ್ಗೋಲಾದ ಪಟ್ಟಿಗೆ ತಗುಲಿಹಾಕಿದರೆ ಇಬ್ಬರ ಭಾರ, ಅದೂ ತೂಗುವ ಭಾರ, ಒಂದು ದಿನ ಕೈಕೊಡುತ್ತದೆ. ವಡೋದರದ ಆಚೆಗಿನ ಸಂಖೇಡಾದಲ್ಲಿ ತೇಗಕ್ಕೆ ಅರಗಿನ ಬಣ್ಣ ಹಾಕಿ ಮಾಡುವ ಉಯ್ಯಾಲೆಗಳು ಪ್ರಸಿದ್ಧ, ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಕೆಂಪು, ಕಂದು ಮೈಮೇಲೆ ಹೊನ್ನಿನ ಬಣ್ಣದ ಚಿತ್ತಾರ. ಅರಗು ಮಳೆ-ಬಿಸಿಲನ್ನು ತಾಳುವುದಿಲ್ಲ, ಒಳಜಗಲಿಗೇ ಅದರ ಸ್ಥಾನ.

ಹಿತ್ತಿಲಿಲ್ಲದವರು ತಾರಸಿಯಲ್ಲಿ ಡೆಕ್ ಮಾಡಿಸುತ್ತಾರೆ. ಅದಕ್ಕೆ ಪರೀಕ್ಷೆ ಜನವರಿ 14, ಉತ್ತರಾಯಣ. ಅಂದು ಅಹಮದಾಬಾದ್ ಇಡೀ ಗಾಳಿಪಟ ಹಿಡಿದು ತಾರಸಿಯ ಮೇಲಿರುತ್ತದೆ. ಬಾಲ್ಕನಿಗೆ ಪ್ರತಿ ಚದರ ಮೀಟರಿಗೆ ಸುಮಾರು 300 ಕಿಲೋ ಭಾರ ಹಿಡಿಯಬೇಕೆಂದು ಭಾರತೀಯ ಮಾನಕ 875 ಹೇಳುತ್ತದೆ. ಗೋಡೆಗೆ ಬೋಲ್ಟ್ ಹೊಡೆದು ಹೊರಚಾಚಿಸಿದ ಕಬ್ಬಿಣದ ಡೆಕ್ ಅಷ್ಟನ್ನು ತಾಳುತ್ತದೆಯೇ ಎಂದು ಎಂಜಿನಿಯರ್ ನೋಡಿ ಹೇಳಬೇಕು, ಮಿಸ್ತ್ರಿಯ ಭರವಸೆ ಸಾಲದು. ಷಿಕಾಗೋದಲ್ಲಿ 2003ರ ಜೂನ್ 29ರಂದು ಪಾರ್ಟಿ ನಡೆಯುತ್ತಿದ್ದ ಮರದ ಮೊಗಸಾಲೆಯೊಂದು ಕುಸಿದು 13 ಮಂದಿ ಸತ್ತರು. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದೇ ಇಲ್ಲ. ತಾರಸಿಯ ಮೇಲೆ ಅರ್ಧ ಅಡಿ ಡೆಕ್ ಎದ್ದರೆ ಕೈಗೋಡೆ ಅರ್ಧ ಅಡಿ ಕುಳ್ಳಾಗುತ್ತದೆ. ಆಕಾಶ ನೋಡುತ್ತ ದಾರ ಎಳೆಯುತ್ತ ಹಿಂದೆ ಸರಿಯುವವರಿಗೆ ಆ ಅರ್ಧ ಅಡಿಯ ಬೆಲೆ ದೊಡ್ಡದು. ಕೈಗೋಡೆಯ ಮೇಲೆ ಕಂಬಿ ಕೂಡಿಸಿದ ಮೇಲೆಯೇ ಹಲಗೆ ಹಾಸಬೇಕು.

ಕೆಲಸಕ್ಕೆ ಒಳ್ಳೆಯ ಕಾಲ ದೀಪಾವಳಿಯ ನಂತರದ್ದು. ಊರಿಗೆ ಹೋದ ಮಿಸ್ತ್ರಿಗಳು ಲಾಭಪಂಚಮಿ ಕಳೆದು ಮರಳುತ್ತಾರೆ, ಅಂಗಡಿಗಳೂ ಆಗಲೇ ಬಾಗಿಲು ತೆರೆಯುವುದು. ಮಳೆಯ ತೇವ ಇಳಿದು ಮರ ತನ್ನ ಅಳತೆಗೆ ಬಂದಿರುತ್ತದೆ. ಆಗ ಹಿಡಿದರೆ ಸಣ್ಣ ಡೆಕ್ ಉತ್ತರಾಯಣದೊಳಗೆ ಮುಗಿಯುತ್ತದೆ. ಮುಂದಿನ ವರ್ಷಗಳಲ್ಲಿ ತೇಗಕ್ಕೆ ಎಣ್ಣೆ ಬಳಿಯುವುದನ್ನು ದೀಪಾವಳಿಯ ಮನೆತೊಳೆತಕ್ಕೇ ಜೋಡಿಸಿಕೊಂಡರೆ ಮರೆಯುವುದಿಲ್ಲ. ಎಣ್ಣೆ ಬೇಡವೆಂದರೆ ಬೆಳ್ಳಿ-ಬೂದು ಬಣ್ಣಕ್ಕೆ ತಿರುಗುತ್ತದೆ, ಅದರಿಂದ ಮರಕ್ಕೇನೂ ಕೇಡಿಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಸಲ ಅಡಿಯಲ್ಲಿ ಇಣುಕಿ, ಸಂದಿಯ ಮಣ್ಣು ಕೆರೆದು, ಗೆದ್ದಲಿನ ಮಣ್ಣುಗೆರೆ ಹತ್ತಿದೆಯೇ ನೋಡಬೇಕು. ಅದಕ್ಕಾಗಿ ಎರಡು ಹಲಗೆಗಳನ್ನು ಮೇಲಿನಿಂದಲೇ ಬಿಚ್ಚಬಹುದಾದ ಸ್ಕ್ರೂ ಹಾಕಿ ಕೂರಿಸಲು ಮಿಸ್ತ್ರಿಗೆ ಮೊದಲ ದಿನವೇ ಹೇಳಿರಬೇಕು. ಕಾಣದಂತೆ ಕ್ಲಿಪ್ ಹಾಕಿ ಮುಗಿಸಿದ ಮೇಲೆ ಹೇಳಿದರೆ, ಗೋಡೆಯಿಂದ ಶುರುಮಾಡಿ ಇಡೀ ಸಾಲನ್ನೇ ಅವನು ಎಬ್ಬಿಸಬೇಕಾಗುತ್ತದೆ. ಅದರ ಕೂಲಿಯೂ ಬೇರೆ.